ಬಾಗಿಸಿದ ಕಾಂಡ, ಮೂರು ಕಂಬ

ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಮನೆಯಿಂದ ಹಳ್ಳದ ಕಡೆಗೆ ಇಳಿಯುವ ಜಾಗದಲ್ಲಿದ್ದ ಹಳೆಯ ಅರೇಬಿಕಾ ಗಿಡಗಳು ಬಿಳಿ ಕಾಂಡಕೊರಕಕ್ಕೆ ಸಿಕ್ಕಿ ಒಂದೊಂದಾಗಿ ಹೋದ ಮೇಲೆ, 2021ರ ಜೂನ್‌ನಲ್ಲಿ ಅಲ್ಲಿ ಸಿಎಕ್ಸ್‌ಆರ್ ಎಂಬ ಮಿಶ್ರತಳಿ ರೋಬಸ್ಟಾದ 240 ಕ್ಲೋನ್ (ಬೀಜದ ಬದಲು ಚಿಗುರಿನ ತುಂಡಿನಿಂದ ಬೆಳೆಸಿದ) ಗಿಡಗಳನ್ನು ಎಂಟಡಿ ಅಂತರದಲ್ಲಿ, ಸಾಲಿಗೆ ಇಪ್ಪತ್ತರಂತೆ ಹನ್ನೆರಡು ಸಾಲು ನೆಟ್ಟೆವು. ಅಪ್ಪನ ಕಾಲದ ಬೀಜದ ರೋಬಸ್ಟಾ ಗಿಡಗಳೆಲ್ಲ ಒಂದೇ ಕಂಬದ, ಎಂದರೆ ನೆಟ್ಟಗಿನ ಒಂದೇ ಕಾಂಡದ, ಮೇಲೆ ನಾಲ್ಕಡಿ ಎತ್ತರದಲ್ಲಿ ಕುಡಿ ಕತ್ತರಿಸಿಕೊಂಡು ಕೊಡೆಯಂತೆ ಹರಡಿ ನಿಂತಿವೆ. ಈ ಹೊಸ ಗಿಡಗಳನ್ನು ಹಾಗೆ ಬೆಳೆಸದೆ, ಒಂದು ಬುಡಕ್ಕೆ ಮೂರು ಕಂಬ ಬರುವಂತೆ ಕವಲೊಡೆಸಬೇಕೆಂಬುದು ನನ್ನ ಆಸೆಯಾಗಿತ್ತು. ಅದಕ್ಕಾಗಿ ಮೊದಲ ಎರಡು ವರ್ಷಗಳಲ್ಲಿ ನಾನು ಒಂದಾದ ಮೇಲೊಂದರಂತೆ ಮಾಡಿದ ತಪ್ಪುಗಳು ಆ ಇಳಿಜಾರಿನಲ್ಲಿ ಸಾಲುಸಾಲಾಗಿ ಇಂದಿಗೂ ನಿಂತಿರುವುದರಿಂದ, ಯಾವುದನ್ನೂ ಮರೆಯುವ ಹಾಗಿಲ್ಲ.

ಕಾಫಿ ಗಿಡದಲ್ಲಿ ಎರಡು ಬಗೆಯ ಚಿಗುರುಗಳಿವೆ ಎಂಬುದು ತೋಟದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ನೆಟ್ಟಗೆ ಮೇಲಕ್ಕೇ ಏರುವುದು ಕಂಬಚಿಗುರು; ಪಕ್ಕಕ್ಕೆ ಅಡ್ಡಲಾಗಿ ಚಾಚಿಕೊಂಡು ಹೂವು ಕಾಯಿ ಹಿಡಿಯುವುದು ರೆಕ್ಕೆ. ಆದರೆ ಈ ಎರಡರ ನಡುವಿನ ಗೆರೆ ಎಷ್ಟು ಗಟ್ಟಿಯಾದದ್ದು ಎಂಬುದು ನನಗೆ ತಿಳಿದದ್ದು ನೆರೆಯ ತೋಟದ ಒಂದು ಪ್ರಯೋಗದಿಂದ. ಅವರು ಯಾವುದೋ ಚೆನ್ನಾಗಿ ಕಾಯಿ ಬಿಡುವ ಗಿಡದ ರೆಕ್ಕೆಗಳನ್ನೇ ತುಂಡರಿಸಿ ಬೇರು ಬರಿಸಿ ನೆಟ್ಟಿದ್ದರು. ಬೇರೇನೋ ಬಂತು, ಎಲೆಯೂ ಬಂತು, ಆದರೆ ಗಿಡ ಮೇಲೇಳಲಿಲ್ಲ. ನಾಲ್ಕು ವರ್ಷವಾದರೂ ಸಿಹಿಗೆಣಸಿನ ಬಳ್ಳಿಯ ಹಾಗೆ ನೆಲದ ಮೇಲೆಯೇ ಹರಡಿಕೊಂಡಿತ್ತು. ರೆಕ್ಕೆಯಿಂದ ಹುಟ್ಟಿದ್ದು ಗಿಡವಾದ ಮೇಲೂ ರೆಕ್ಕೆಯಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಕ್ಲೋನ್ ಮಾಡುವಾಗ ಮೂರರಿಂದ ಆರು ತಿಂಗಳ ಹಸಿರು ಕಂಬಚಿಗುರನ್ನು ಮಾತ್ರ ತೆಗೆದು, ಒಂದೊಂದು ಗೆಣ್ಣಿಗೆ ಒಂದೊಂದು ತುಂಡು ಮಾಡಿ, ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಐಬಿಎ ಎಂಬ ಬೇರು ಬರಿಸುವ ದ್ರಾವಣದಲ್ಲಿ ಅದ್ದಿ, ಚೀಲಗಳಲ್ಲಿ ನೆಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿದ ಗುಂಡಿಯಲ್ಲಿ ಆ ಚೀಲಗಳನ್ನು ಇರಿಸುತ್ತಾರೆ. ಮೂರು ತಿಂಗಳ ಹೊತ್ತಿಗೆ ಬೇರು ಬರುತ್ತದೆ.

ಇಷ್ಟು ತಿಳಿದಿದ್ದೂ ನಾನು ಮೊದಲ ತಪ್ಪು ಮಾಡಿದೆ. ನೆಟ್ಟು ಎಂಟು ತಿಂಗಳಾಗಿದ್ದ 2022ರ ಫೆಬ್ರುವರಿಯಲ್ಲಿ, ಅಂಗಳದ ದಾಸವಾಳವನ್ನು ಕತ್ತರಿಸಿದರೆ ಕತ್ತರಿಸಿದಲ್ಲೆಲ್ಲ ಎರಡು ಕವಲು ಬರುತ್ತದಲ್ಲ, ಇದೂ ಹಾಗೆಯೇ ಇರಬೇಕೆಂದು ಒಂದು ಸಾಲಿನ ಇಪ್ಪತ್ತು ಗಿಡಗಳ ಕೆಳಗಿನ ರೆಕ್ಕೆಗಳನ್ನು ಕಾಂಡಕ್ಕೆ ಸರಿಯಾಗಿ ಕತ್ತರಿಸಿಬಿಟ್ಟೆ. ಕವಲು ಬರಲೇ ಇಲ್ಲ. ಕಾರಣ ಕಾಫಿ ಗಿಡದ ಗೆಣ್ಣಿನಲ್ಲಿದೆ. ಕಂಬದ ಒಂದೊಂದು ಗೆಣ್ಣಿನಲ್ಲಿಯೂ ಎದುರುಬದುರಾಗಿ ಎರಡು ಎಲೆಗಳಿದ್ದು, ಒಂದೊಂದು ಎಲೆಯ ಕಂಕುಳಿನಲ್ಲಿಯೂ ಒಂದರ ಕೆಳಗೊಂದರಂತೆ ಹಲವು ಮೊಗ್ಗುಗಳು ಸಾಲಾಗಿ ಕುಳಿತಿರುತ್ತವೆ. ಆ ಸಾಲಿನ ಮೇಲ್ತುದಿಯ ಮೊಗ್ಗು ಒಂದೇ ರೆಕ್ಕೆಯಾಗಬಲ್ಲದು. ಅದರ ಕೆಳಗಿನವೆಲ್ಲ ಎದ್ದರೆ ಕಂಬಚಿಗುರಾಗಿಯೇ ಏಳುತ್ತವೆ. ಎಂದರೆ, ಆ ಗೆಣ್ಣಿನ ಆ ಪಕ್ಕಕ್ಕೆ ಆ ಗಿಡದ ಆಯುಷ್ಯದಲ್ಲಿ ರೆಕ್ಕೆ ಒಂದೇ ಸಲ. ಕಳೆದುಕೊಂಡರೆ ಮತ್ತೆ ಅಲ್ಲಿ ರೆಕ್ಕೆ ಬರುವುದಿಲ್ಲ. ನನ್ನ ಕತ್ತರಿ ತಾಗಿದ ಆ ಸಾಲಿನ ಗಿಡಗಳ ಬುಡದಿಂದ ಒಂದೂವರೆ ಅಡಿಯವರೆಗೆ ಕಾಂಡ ಇಂದಿಗೂ ಬೋಳಾಗಿದೆ. ಮೂವತ್ತು ವರ್ಷಗಳಿಂದ ನಮ್ಮಲ್ಲಿ ಗಿಡಗಸಿ, ಎಂದರೆ ಗಿಡದ ರೆಂಬೆ ಸವರುವ ಕೆಲಸ, ನೋಡಿಕೊಳ್ಳುವ ಮೇಸ್ತ್ರಿ ಆ ಸಾಲಿನ ಮುಂದೆ ನಿಂತು, ‘ಅಯ್ಯಾ, ಇದಕ್ಕೆ ಪ್ಯಾಂಟ್ ಮಡಚಿದ ಹಾಗೆ ಮಾಡಿಬಿಟ್ಟಿದ್ದೀರಲ್ಲ’ ಎಂದಷ್ಟೇ ಹೇಳಿ ಮುಂದೆ ಹೋದರು.

ಹಾಗಾದರೆ ರೆಕ್ಕೆಯನ್ನು ಕತ್ತರಿಸಲೇಬಾರದೆಂದಲ್ಲ. ಬುಡದಲ್ಲಿ ಕತ್ತರಿಸದೆ ಅರ್ಧದಲ್ಲಿ ಕತ್ತರಿಸಿದರೆ ಉಳಿದ ತುಂಡಿನ ಗೆಣ್ಣುಗಳಿಂದ ಉಪರೆಕ್ಕೆಗಳು ಬರುತ್ತವೆ. ಅರೇಬಿಕಾದಲ್ಲಿ ಇದು ಧಾರಾಳ, ರೋಬಸ್ಟಾದಲ್ಲಿ ಕೊಂಚ ಜಿಪುಣತನ. ರೋಬಸ್ಟಾದ ರೆಕ್ಕೆ ಚಾಟಿಯಂತೆ ಉದ್ದವಾಗಿ ಬೆಳೆದು, ಒಮ್ಮೆ ಕಾಯಿ ಹಿಡಿದ ಗೆಣ್ಣಿನಲ್ಲಿ ಸಾಮಾನ್ಯವಾಗಿ ಮತ್ತೆ ಹಿಡಿಯದೆ, ಫಸಲನ್ನು ವರ್ಷದಿಂದ ವರ್ಷಕ್ಕೆ ತುದಿಯ ಕಡೆಗೆ ಸರಿಸಿಕೊಂಡು ಹೋಗಿ, ಕೊನೆಗೆ ಜೋತುಬಿದ್ದು ಒಣಗುತ್ತದೆ. ಈ ಸ್ವಭಾವದ ಗಿಡದಿಂದ ಹೊಸ ರೆಕ್ಕೆಗಳನ್ನು ಪಡೆಯುವ ಖಚಿತವಾದ ದಾರಿ ಹೊಸ ಕಂಬವನ್ನು ಪಡೆಯುವುದು, ಏಕೆಂದರೆ ಹೊಸ ಕಂಬದ ಪ್ರತಿ ಗೆಣ್ಣಿನಲ್ಲಿಯೂ ಎರಡೆರಡು ರೆಕ್ಕೆಗಳು ಇನ್ನೂ ಖರ್ಚಾಗದೆ ಉಳಿದಿರುತ್ತವೆ. ರೋಬಸ್ಟಾವನ್ನು ಕವಲೊಡೆಸುವುದೆಂದರೆ ಕಂಬಗಳನ್ನು ಹೆಚ್ಚಿಸುವುದು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೀಗೆ, ಒಂದು ಸಾಲು ಗಿಡಗಳನ್ನು ಬೋಳಿಸಿದ ಮೇಲೆ.

ಕಂಬಚಿಗುರನ್ನು ಎಬ್ಬಿಸುವ ಸುಲಭದ ಉಪಾಯ ಕುಡಿಯನ್ನು ಕತ್ತರಿಸುವುದು. ಗಿಡದ ತುದಿಯ ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕಾಂಡದಲ್ಲಿ ಕೆಳಗಿಳಿಯುತ್ತ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1933ರ ಸುಮಾರಿಗೆ ಅವರೆಯ ಜಾತಿಯ ಒಂದು ಗಿಡದ ಕುಡಿಯನ್ನು ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಇಟ್ಟಾಗ ಪಕ್ಕದ ಮೊಗ್ಗುಗಳು ಏಳದೆ ಹಾಗೆಯೇ ಉಳಿದದ್ದನ್ನು ತೋರಿಸಿದ್ದರು. ಯಜಮಾನ ಮನೆಯಲ್ಲಿಲ್ಲದಿದ್ದರೂ ಅವನ ದನಿ ಕೇಳಿಸಿದರೆ ಸಾಕು ಎಂಬ ಹಾಗೆ. ದನಿ ನಿಂತರೆ ಮೊಗ್ಗುಗಳು ಏಳುತ್ತವೆ. 2022ರ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಎರಡು ಸಾಲುಗಳ ನಲವತ್ತು ಗಿಡಗಳನ್ನು ಒಂದೂವರೆ ಅಡಿಯಲ್ಲಿ ಕುಡಿ ಕತ್ತರಿಸಿದೆ. ಮೂರೇ ವಾರದಲ್ಲಿ ಚಿಗುರುಗಳು ಎದ್ದುವು, ನಾನೂ ಹಿಗ್ಗಿದೆ.

ಆದರೆ ಎದ್ದದ್ದು ಎಲ್ಲಿಂದ ಎಂಬುದನ್ನು ಆಗ ಗಮನಿಸಲಿಲ್ಲ. ಕತ್ತರಿಸಿದ ಜಾಗಕ್ಕೆ ತೀರ ಹತ್ತಿರದ ಗೆಣ್ಣಿನ ಎರಡು ಮೊಗ್ಗುಗಳು, ಎದುರುಬದುರು ಇರುವವು, ಎಲ್ಲಕ್ಕಿಂತ ಮೊದಲು ಎದ್ದು ಹೊಸ ಯಜಮಾನರಾಗಿ ಕೆಳಗಿನವನ್ನು ಮತ್ತೆ ಮಲಗಿಸಿದವು. ಸಿಕ್ಕಿದ್ದು ಕವೆಗೋಲಿನ ಆಕಾರದ ಗಿಡ: ಕೆಳಗೆ ಒಂದೇ ಕಾಂಡ, ಒಂದೂವರೆ ಅಡಿಯ ಮೇಲೆ ಎರಡು ಕವಲು. ಎರಡೂ ಒಂದೇ ಗೆಣ್ಣಿನಿಂದ ಹೊರಟಿರುವುದರಿಂದ ಆ ಕವೆಯ ಸಂದು ದುರ್ಬಲವಾಗಿರುತ್ತದೆ. 2024ರ ಜುಲೈನ ಗಾಳಿಮಳೆಯಲ್ಲಿ ಆ ನಲವತ್ತರಲ್ಲಿ ಒಂಬತ್ತು ಗಿಡಗಳು ಕಾಯಿಯ ಸಮೇತ ನಡುವಿನಿಂದ ಸೀಳಿಕೊಂಡವು. ಒಂದೇ ಕಂಬದ ಗಿಡವನ್ನು ಟಾಪಿಂಗ್ ಮಾಡುವಾಗಲೂ (ಕುಡಿ ಕತ್ತರಿಸುವಾಗಲೂ) ನಮ್ಮ ಮೇಸ್ತ್ರಿ ತುದಿಯ ಗೆಣ್ಣಿನ ಎರಡು ರೆಕ್ಕೆಗಳಲ್ಲಿ ಒಂದನ್ನು ತೆಗೆಯುತ್ತಿದ್ದುದು ಇದೇ ಸೀಳುವಿಕೆಗೆ ಹೆದರಿ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಇಷ್ಟು ವರ್ಷ ಅದನ್ನು ನೋಡುತ್ತ ಬಂದಿದ್ದರೂ ಏಕೆಂದು ಕೇಳಿರಲಿಲ್ಲ.

ಕತ್ತರಿಸದೆ ಯಜಮಾನನ ದನಿ ತಗ್ಗಿಸುವ ಇನ್ನೊಂದು ಉಪಾಯವಿದೆ: ಕಾಂಡವನ್ನು ಬಾಗಿಸುವುದು. ಸ್ಪ್ಯಾನಿಷ್ ಮಾತನಾಡುವ ಕಾಫಿ ನಾಡುಗಳಲ್ಲಿ ಇದಕ್ಕೆ ಅಗೋಬಿಯಾಡೊ ಎನ್ನುತ್ತಾರೆ. ಬೆನ್ನು ಬಾಗಿದ್ದು ಎಂದು ಅರ್ಥ. ಎಳೆಯ ಗಿಡವನ್ನು ಓರೆಯಾಗಿ ಬಾಗಿಸಿ ಕಟ್ಟಿದರೆ, ಕುಡಿ ತಗ್ಗಿ, ಬಾಗಿದ ಬೆನ್ನಿನ ಮೇಲ್ಭಾಗದ ಗೆಣ್ಣುಗಳ ಮೊಗ್ಗುಗಳು ಉದ್ದಕ್ಕೂ ಏಳುತ್ತವೆ. ಕತ್ತರಿಸಿದಾಗ ತುದಿಯ ಒಂದು ಜೋಡಿಗೆ ಸಿಗುವ ಅವಕಾಶ ಇಲ್ಲಿ ಎಂಟು ಹತ್ತು ಮೊಗ್ಗುಗಳಿಗೆ ಹಂಚಿಹೋಗುತ್ತದೆ, ಅದರಲ್ಲಿ ಬುಡದ ಹತ್ತಿರದವಕ್ಕೂ ಪಾಲಿರುತ್ತದೆ. ಇನ್ನೊಂದು ಲಾಭವನ್ನು ನಾನು ಇದಕ್ಕಿಂತ ದೊಡ್ಡದೆಂದು ತಿಳಿಯುತ್ತೇನೆ. ಕತ್ತರಿಸಿದ ಗಿಡ ಎಲೆಗಳನ್ನು ಕಳೆದುಕೊಂಡು, ಹೊಸ ಚಿಗುರನ್ನು ಬೇರಿನ ಮತ್ತು ಕಾಂಡದ ಉಳಿತಾಯದಿಂದ ಸಾಕಬೇಕಾಗುತ್ತದೆ. ಬಾಗಿಸಿದ ಗಿಡದಲ್ಲಿ ಹಳೆಯ ಎಲೆಗಳೆಲ್ಲ ಇದ್ದಲ್ಲಿಯೇ ಇದ್ದು ಅನ್ನ ಬೇಯಿಸುತ್ತಲೇ ಇರುತ್ತವೆ. ವರ್ಷ ತುಂಬಿದ ಕ್ಲೋನ್ ಗಿಡದ ಉಳಿತಾಯವಾದರೂ ಎಷ್ಟು!

ಬಾಗಿಸುವ ಕೆಲಸದಲ್ಲಿಯೂ ಮೊದಲು ಕೈ ಸುಟ್ಟುಕೊಂಡೆ. ಕುಡಿ ಕತ್ತರಿಸುವ ಪ್ರಯೋಗಕ್ಕಿಂತ ಮುಂಚೆಯೇ, 2022ರ ಮಾರ್ಚ್‌ನ ಒಂದು ಬೆಳಿಗ್ಗೆ, ಒಂದು ಸಾಲಿನ ಇಪ್ಪತ್ತು ಗಿಡಗಳನ್ನು ಬಾಗಿಸಲು ಹೋಗಿ ಏಳನ್ನು ಮುರಿದಿದ್ದೆ. ಮಣ್ಣು ಒಣಗಿ ಗಟ್ಟಿಯಾಗಿತ್ತು, ಬೇಸಿಗೆಯಲ್ಲಿ ಬೆಳವಣಿಗೆ ನಿಂತ ಕಾಂಡ ಬಿರುಸಾಗಿತ್ತು, ಸಾಲದ್ದಕ್ಕೆ ನಾನು ಹಿಡಿದದ್ದು ಕಾಂಡದ ತುದಿಯನ್ನು. ಮುರಿಯದೆ ಉಳಿದವುಗಳಲ್ಲಿಯೂ ಕೆಲವು ಬುಡ ಸಮೇತ ಅಲುಗಾಡಿದವು. ಕ್ಲೋನ್ ಗಿಡಕ್ಕೆ ಬೀಜದ ಗಿಡಕ್ಕಿರುವಂತೆ ನೇರವಾಗಿ ಆಳಕ್ಕಿಳಿಯುವ ತಾಯಿಬೇರು ಇರುವುದಿಲ್ಲ. ತುಂಡಿನ ಬುಡದಿಂದ ಹೊರಟ ಕವಲುಬೇರುಗಳೇ ಅದಕ್ಕೆ ಆಸರೆ. ಅವು ಮಣ್ಣನ್ನು ಸರಿಯಾಗಿ ಹಿಡಿಯುವ ಮುಂಚೆ ಎಳೆದರೆ ಗಿಡವೇ ಕಿತ್ತು ಬರುತ್ತದೆ.

ಆದ್ದರಿಂದ ಉಳಿದ ಎಂಟು ಸಾಲುಗಳನ್ನು ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ, ದೊಡ್ಡ ಮಳೆ ಇಳಿದು ಮಣ್ಣಿನಲ್ಲಿ ಹಸಿ ಇನ್ನೂ ಇದ್ದಾಗ ಹಿಡಿದೆವು. ಬೆಳಗಿನ ಹೊತ್ತು ನೀರು ತುಂಬಿಕೊಂಡ ಕಾಂಡ ಬಿಗಿಯಾಗಿರುವುದರಿಂದ, ಮಧ್ಯಾಹ್ನದ ಊಟ ಮುಗಿಸಿ, ಎಲೆ ಕೊಂಚ ಬಾಡಿದಂತೆ ಕಾಣುವ ಹೊತ್ತಿಗೆ ಕೆಲಸ ಶುರು ಮಾಡುತ್ತಿದ್ದೆವು. ಒಬ್ಬರು ಬುಡದ ಮಣ್ಣನ್ನು ಕಾಲಿನಿಂದ ಒತ್ತಿ ಹಿಡಿದು ಕಾಂಡದ ಕೆಳಭಾಗವನ್ನು ಎರಡು ಕೈಗಳಿಂದ ಆತುಕೊಂಡರೆ, ಇನ್ನೊಬ್ಬರು ಮೇಲಿನ ಭಾಗವನ್ನು ನಿಧಾನವಾಗಿ, ನೆಲಕ್ಕೂ ನೆಟ್ಟಗಿನ ಗೆರೆಗೂ ನಡುವೆ ಬರುವಷ್ಟು ಓರೆ ಮಾಡಿ, ಕವೆಯಿರುವ ಗೂಟ ಹೊಡೆದು ಬಾಳೆಪಟ್ಟೆಯಿಂದ ಕಟ್ಟುತ್ತಿದ್ದರು. ಪ್ಲಾಸ್ಟಿಕ್ ದಾರ ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಹೂತುಹೋಗುತ್ತದೆ. ಬಾಳೆಪಟ್ಟೆ ಆರು ತಿಂಗಳಲ್ಲಿ ತಾನೇ ಕರಗುತ್ತದೆ, ಬಿಚ್ಚುವ ಕೂಲಿಯೂ ಉಳಿಯಿತು. ಎಲ್ಲ ಗಿಡಗಳನ್ನೂ ಸಾಲಿನ ಉದ್ದಕ್ಕೆ, ಇಳಿಜಾರಿಗೆ ಅಡ್ಡಲಾಗಿ ಬಾಗಿಸಿದ್ದರಿಂದ ಸಾಲುಗಳ ನಡುವೆ ಓಡಾಡುವ ದಾರಿ ಹಾಗೆಯೇ ಉಳಿಯಿತು. ಆ 160 ಗಿಡಗಳಲ್ಲಿ ಮುರಿದದ್ದು ನಾಲ್ಕು.

ದೀಪಾವಳಿ ಕಳೆಯುವ ಹೊತ್ತಿಗೆ ಬಾಗಿದ ಬೆನ್ನುಗಳ ಮೇಲೆ ಚಿಗುರುಗಳು ಸಾಲಾಗಿ ಎದ್ದು ನಿಂತಿದ್ದವು; ಕೆಲವು ಗಿಡಗಳಲ್ಲಿ ಹನ್ನೊಂದು ಹನ್ನೆರಡು ಎಣಿಸಿದ್ದೂ ಉಂಟು. ಅಪ್ಪ ಅದನ್ನು ನೋಡಿ, ‘ಇಷ್ಟನ್ನೂ ಬಿಟ್ಟರೆ ಗಿಡವಲ್ಲ, ಪೊರಕೆ ಆಗುತ್ತದೆ’ ಎಂದರು. ನಿಜ, ಕವಲೊಡೆಸುವುದಕ್ಕಿಂತ ಕವಲುಗಳಲ್ಲಿ ಬೇಡದ್ದನ್ನು ತೆಗೆಯುವುದೇ ಹೆಚ್ಚು ಕಷ್ಟದ ಕೆಲಸ. ಬುಡಕ್ಕೆ ಹತ್ತಿರವಾಗಿ, ಒಂದಕ್ಕೊಂದು ಕನಿಷ್ಠ ಒಂದು ಗೇಣು ದೂರವಿರುವ, ಬೇರೆ ಬೇರೆ ಗೆಣ್ಣುಗಳಿಂದ ಹೊರಟ ಮೂರನ್ನು ಆರಿಸಿ, ಉಳಿದವನ್ನು ನಾಲ್ಕು ಬೆರಳು ಉದ್ದವಿರುವಾಗಲೇ ಕೈಯಿಂದ ಪಕ್ಕಕ್ಕೆ ತಿರುಚಿ ಕೀಳಿಸಿದೆ. ಇಲ್ಲಿ ಕತ್ತರಿ ಬಳಸಬಾರದು. ಕತ್ತರಿಸಿದರೆ ಉಳಿಯುವ ಮೋಟಿನ ಬುಡದಲ್ಲಿರುವ ಮೊಗ್ಗುಗಳಿಂದ ಒಂದರ ಬದಲಿಗೆ ಎರಡು ಏಳುತ್ತವೆ, ಕಿತ್ತರೆ ಬುಡವೂ ಜೊತೆಗೆ ಬರುತ್ತದೆ. ಬಲಿಯಲು ಬಿಟ್ಟರೆ ಕೀಳಲು ಹೋದಾಗ ತೊಗಟೆ ಸೀಳುತ್ತದೆ, ಮಳೆಗಾಲ ಕಳೆದ ಮೇಲೆ ರೆಂಬೆ ಕೊರಕ ಹುಳು ಅಂಥ ಎಳೆಯ ಚಿಗುರುಗಳನ್ನೇ ಹುಡುಕಿಕೊಂಡು ಬಂದು ಸೂಜಿಯಷ್ಟು ತೂತು ಮಾಡಿ ಒಳಗೆ ಕೂರುತ್ತದೆ.

ಹಳೆಯ ತುದಿಯನ್ನು ಯಾವಾಗ ಕತ್ತರಿಸಬೇಕು ಎಂಬುದರಲ್ಲಿ ಮೇಸ್ತ್ರಿಗೂ ನನಗೂ ಒಮ್ಮತವಿರಲಿಲ್ಲ. ಅವರು ಕೂಡಲೇ ತೆಗೆಯೋಣ ಎಂದರು. ನಾನು ಹೊಸ ಕಂಬಗಳು ಎರಡಡಿ ದಾಟುವವರೆಗೆ ಬಿಡೋಣ ಎಂದೆ, ಏಕೆಂದರೆ ಆ ಎಲೆಗಳು ದುಡಿಯುವುದಕ್ಕಾಗಿಯೇ ಅಲ್ಲವೆ ಬಾಗಿಸಿದ್ದು. ಅರ್ಧ ಗಿಡಗಳಲ್ಲಿ ಅವರ ಮಾತು, ಅರ್ಧದಲ್ಲಿ ನನ್ನ ಮಾತು ನಡೆಯಿತು. ಹಳೆಯ ತುದಿ ಬಿಟ್ಟ ಗಿಡಗಳ ಕಂಬಗಳು 2023ರ ಜೂನ್ ಹೊತ್ತಿಗೆ ನಿಚ್ಚಳವಾಗಿ ದಪ್ಪವಾಗಿದ್ದವು. ಆದರೆ ಅದರ ನೆರಳು ಬಿದ್ದ ಕಡೆಯ ಕಂಬ ಸಪೂರವಾಗಿ ಬೆಳಕಿನ ಕಡೆಗೆ ವಾಲಿದ್ದನ್ನು ಮೇಸ್ತ್ರಿ ತೋರಿಸಿದರು, ನಾನೂ ಒಪ್ಪಿದೆ.

ನೆರಳಿನ ವಿಷಯವನ್ನು ಬಿಟ್ಟು ಕವಲಿನ ಮಾತಾಡುವ ಹಾಗಿಲ್ಲ. ಮೇಲೆ ನೆರಳಿಗಿರುವ ಹಾಲುವಾಣ, ಸಿಲ್ವರ್ ಮರಗಳ ಕೊಂಬೆ ಸವರುವ ಮರಗಸಿಯನ್ನು ಆ ವರ್ಷ ಕೂಲಿಯಾಳು ಸಿಗದೆ ಎರಡು ಸಾಲುಗಳ ಮೇಲೆ ಮಾಡದೆ ಬಿಟ್ಟಿದ್ದೆವು. ಅಲ್ಲಿ ಎದ್ದ ಕಂಬಗಳು ಎತ್ತರವೇನೋ ಆದವು, ಆದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಬೇರೆ ಸಾಲುಗಳಿಗಿಂತ ಬಹುಪಾಲು ಒಂದೂವರೆ ಪಟ್ಟು. ಗೆಣ್ಣು ಕಡಿಮೆಯಾದರೆ ರೆಕ್ಕೆ ಕಡಿಮೆ, ರೆಕ್ಕೆ ಕಡಿಮೆಯಾದರೆ ಕಾಯಿ ಕಡಿಮೆ. ಎಂಟಡಿ ಅಂತರದಲ್ಲಿ ಎಕರೆಗೆ ಸುಮಾರು 680 ಗಿಡ, ಗಿಡಕ್ಕೆ ಮೂರರಂತೆ ಎರಡು ಸಾವಿರ ಕಂಬ. ಅಷ್ಟಕ್ಕೂ ಬೆಳಕು ಹಂಚಬೇಕಾದರೆ ಮರಗಸಿಯಲ್ಲಿ ಸೋಮಾರಿತನ ಸಲ್ಲದು. ಕಂಬದ ಸುತ್ತ ಅರ್ಧ ಅಡಿಯೊಳಗೆ ಬರುವ ಉಪರೆಕ್ಕೆಗಳನ್ನು ಬಿಡಿಸಿ ನಡುವನ್ನು ತೆರವು ಮಾಡುವ ಸೆಂಟರಿಂಗ್ ಕೆಲಸವೂ ಮೂರು ಕಂಬದ ಗಿಡದಲ್ಲಿ ಮೂರು ಪಟ್ಟಾಗುತ್ತದೆ. ಎತ್ತರವನ್ನು ಮಾತ್ರ ಅಪ್ಪನ ಮಾತಿನಂತೆ, ಕೊಯ್ಯುವವರ ಕೈಗೆ ಎಟುಕುವಂತೆ, ಐದಡಿಗೆ ನಿಲ್ಲಿಸಿದ್ದೇವೆ.

2025ರ ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದು ಎಂಟನೆಯ ದಿನ ಇಳಿಜಾರೆಲ್ಲ ಬಿಳಿಯಾಯಿತು. ಆ ಹೂವನ್ನು ಕಂಡು ನಾನು ಲೆಕ್ಕ ಹಾಕಿದ್ದೇ ಹಾಕಿದ್ದು. ಜುಲೈನಲ್ಲಿ ಕಾಯಿ ಎಣಿಸಿದಾಗ ಅಂಚಿನ ಸಾಲುಗಳಲ್ಲಿ, ಅಪ್ಪನ ಕಾಲದ ಬೀಜದ ಗಿಡಗಳ ಪಕ್ಕದಲ್ಲಿ, ಗೆಣ್ಣುಗೆಣ್ಣಿಗೂ ಗೊಂಚಲು. ನಡುವಿನ ಸಾಲುಗಳಲ್ಲಿ ಗೆಣ್ಣಿಗೆ ಎರಡೋ ಮೂರೋ ಕಾಯಿ, ಎಷ್ಟೋ ಗೆಣ್ಣುಗಳಲ್ಲಿ ಅದೂ ಇಲ್ಲ. ಗೊಬ್ಬರದ ತಪ್ಪಲ್ಲ, ಗಸಿಯ ತಪ್ಪೂ ಅಲ್ಲ. ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಜಾತಿಯಲ್ಲ; ಅದಕ್ಕೆ ಬೇರೆ ವಂಶದ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಮೇಲೋ ಬರಬೇಕು. ಬೀಜದ ತೋಟದಲ್ಲಿ ಗಿಡಗಿಡಕ್ಕೂ ವಂಶ ಬೇರೆಯಾದ್ದರಿಂದ ಯಾರೂ ಇದರ ಚಿಂತೆ ಮಾಡುವುದಿಲ್ಲ. ಒಂದೇ ತಾಯಿಗಿಡದ ಕ್ಲೋನ್‌ಗಳು ಮಾತ್ರ ಇನ್ನೂರು ಇದ್ದರೂ ಪರಾಗದ ಲೆಕ್ಕದಲ್ಲಿ ಒಂದೇ ಗಿಡ. ನನಗೆ ಗಿಡ ಕೊಟ್ಟ ನರ್ಸರಿಯವರು ಎಲ್ಲವನ್ನೂ ಒಂದೇ ತಾಯಿಯಿಂದ ತೆಗೆದಿದ್ದರು. ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬ್ರೆಜಿಲ್‌ನ ಎಸ್ಪಿರಿಟೊ ಸಾಂಟೊ ರಾಜ್ಯದಲ್ಲಿ 2004ರಲ್ಲಿ ಬಿಡುಗಡೆಯಾದ ವಿಟೋರಿಯಾ ಎಂಬ ಕ್ಲೋನ್ ತಳಿ ಒಂದಲ್ಲ, 13 ಕ್ಲೋನ್‌ಗಳ ಗುಂಪು ಎಂದು ಮೊದಲೇ ಓದಿದ್ದರೂ ಅದರ ಅರ್ಥ ನನ್ನ ತಲೆಗೆ ಹತ್ತಿರಲಿಲ್ಲ.

ಗಿಡ ಕಿತ್ತು ಬೇರೆ ನೆಡುವ ಮಾತನ್ನು ಅಪ್ಪ ಎತ್ತಿದಾಗ ಮೂರು ಕಂಬಗಳು ನೆರವಿಗೆ ಬಂದವು. ಗಿಡಕ್ಕೆ ಒಂದೇ ಕಂಬವಿದ್ದಿದ್ದರೆ ಅದನ್ನು ಮೋಟು ಮಾಡಿ ಎರಡು ಮೂರು ವರ್ಷದ ಫಸಲು ಬಿಡಬೇಕಿತ್ತು. ಮೂರಿರುವಾಗ ಒಂದನ್ನು ಮಾತ್ರ ಕತ್ತರಿಸಿ, ಅದರ ಬುಡದಿಂದ ಎದ್ದ ಹೊಸ ಚಿಗುರಿಗೆ ಬೇರೆ ವಂಶದ ಗಿಡದ ಕಂಬಚಿಗುರನ್ನು ಕಸಿ ಕಟ್ಟಿದರೆ, ಉಳಿದೆರಡು ಕಂಬಗಳು ಫಸಲು ಕೊಡುತ್ತಿರುವಾಗಲೇ ಅದೇ ಬುಡದ ಮೇಲೆ ಪರಾಗ ಕೊಡುವ ನೆಂಟನೂ ಬೆಳೆಯುತ್ತಾನೆ. ನಮ್ಮ ಕಡೆ ಗಸಿ ಎಂದರೆ ಕತ್ತರಿಸುವುದು, ಕಸಿ ಎಂದರೆ ಕೂಡಿಸುವುದು. ಒಂದಕ್ಷರದ ಅಂತರದಲ್ಲಿ ಎರಡು ಎದುರು ಕೆಲಸಗಳು, ಆ ಗಿಡಗಳಿಗೆ ಎರಡೂ ಬೇಕಾದವು. ಅಂಚಿನಲ್ಲಿರುವ ಬೀಜದ ಗಿಡಗಳಲ್ಲಿ ಇದೇ ಹೊತ್ತಿಗೆ ಹೂ ಬಿಟ್ಟು, ಕಾಯಿ ದಪ್ಪವಿರುವ ಮೂರನ್ನು ಆರಿಸಿ ಬಣ್ಣ ಬಳಿದು ಗುರುತು ಮಾಡಿದೆ. ನಡುವಿನ ಸಾಲುಗಳಲ್ಲಿ ಮೂರು ಗಿಡಕ್ಕೊಂದರಂತೆ ಮೂವತ್ತೆರಡು ಗಿಡಗಳ ಒಂದೊಂದು ಕಂಬವನ್ನು ಆ ಜುಲೈನಲ್ಲಿಯೇ ಒಂದಡಿಗೆ ಕತ್ತರಿಸಿ, ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ಪೇಸ್ಟ್ ಹಚ್ಚಿ, ಆಗಸ್ಟ್ ಕೊನೆಯಲ್ಲಿ ಪೆನ್ಸಿಲ್ ದಪ್ಪದ ಚಿಗುರುಗಳನ್ನು ಸೀಳಿ, ಬೆಣೆಯಂತೆ ಕೊರೆದ ತುಂಡುಗಳನ್ನು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮಳೆನೀರು ಇಳಿಯದಂತೆ ಮೇಲೊಂದು ಚೀಲ ಕಟ್ಟಿದೆವು. ಮೇಸ್ತ್ರಿ ಕಟ್ಟಿದ್ದರಲ್ಲಿ ಎರಡು ಹೋದವು, ನಾನು ಕಟ್ಟಿದ್ದರಲ್ಲಿ ಒಂಬತ್ತು. ಉಳಿದ ಇಪ್ಪತ್ತೊಂದರ ಕಸಿ ಕೂಡಿಕೊಂಡು, ಕಟ್ಟಿನ ಮೇಲೆ ನಾಲ್ಕನೆಯ ಜೊತೆ ಎಲೆ ಬಿಚ್ಚಿದೆ. ಅದರ ಕೆಳಗಿನಿಂದ ಪ್ರತಿ ವಾರವೂ ಹಳೆಯ ವಂಶದ ಚಿಗುರು ಏಳುತ್ತಲೇ ಇರುವುದರಿಂದ, ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಇಳಿಜಾರಿಗೆ ಹೋಗಿ ಅವನ್ನು ಕಿತ್ತು ಬರುವುದು ಈಗ ನನ್ನ ಪಾಲಿನ ಕೆಲಸವಾಗಿದೆ.